ಎಣಿಸಿದ್ದು ಉಸಿರು, ನೋಡಬೇಕಿದ್ದದ್ದು ಎದೆ

ದೊಡ್ಡಮ್ಮನ ಉಸಿರು ಮೊದಲು ನಿಮಿಷಕ್ಕೆ 36 ಇತ್ತು. ಸ್ವಲ್ಪ ಹೊತ್ತಿಗೆ 28 ಆಯಿತು. ಆಮೇಲೆ 14. ಮೂರನ್ನೂ ಹಾಲಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದಿದ್ದೆ, ಪಕ್ಕದಲ್ಲಿ ಗಂಟೆ ಸಮೇತ. 14 ಅಂತ ಬರೆಯುವಾಗ ದೊಡ್ಡ ಭಾರ ಇಳಿದ ಹಾಗಾಗಿತ್ತು. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು ಅಂತ ಓದಿದ್ದೆ. ಇದು ಅದರೊಳಗೇ ಇತ್ತಲ್ಲ. ಫೋನಿನಲ್ಲಿ "ಇಳೀತು ಅಣ್ಣ, ಈಗ ನಾರ್ಮಲ್" ಅಂತ ಹೇಳಿಯೂ ಬಿಟ್ಟೆ.

ಆ ಮೂರರಲ್ಲಿ ತೀರಾ ಕೆಟ್ಟ ಸಂಖ್ಯೆ ಅಂದರೆ ಆ 14. ಅದು ಆಸ್ಪತ್ರೆಗೆ ಹೋದ ಕೂಡಲೇ ಗೊತ್ತಾಯಿತು. ಆದರೆ ಯಾಕೆ ಕೆಟ್ಟದ್ದು ಅಂತ ನಿಜವಾಗಿ ಅರ್ಥವಾಗಿದ್ದು ಮೂರು ವರ್ಷ ಬಿಟ್ಟು. ಆಫೀಸಿನಿಂದ ನಮ್ಮನ್ನು ಎರಡು ದಿನದ ತುರ್ತು ಚಿಕಿತ್ಸೆ ತರಬೇತಿಗೆ ಕಳಿಸಿದ್ದರು. ಬಸವನಗುಡಿಯ ಒಂದು ಹಾಲ್‌ನಲ್ಲಿ, ರಬ್ಬರ್ ಗೊಂಬೆಯೊಂದರ ತಲೆಯ ಹತ್ತಿರ ಮಂಡಿಯೂರಿ ಕೂತಿದ್ದಾಗ ಹಾಲಿನ ಪುಸ್ತಕದ ಆ ಪುಟ ಕಣ್ಣ ಮುಂದೆ ಬಂತು. ಅವತ್ತಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ.

ಆ ರಾತ್ರಿ

2021ರ ಡಿಸೆಂಬರ್. ಬೆಂಗಳೂರಿನ ಶ್ರೀನಗರದ ಮನೆ. ದೊಡ್ಡಮ್ಮ ಮಾಗಡಿ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಸೌದೆ ಒಲೆ ಊದಿದವರು. ಬೀಡಿ, ಸಿಗರೇಟು ಮುಟ್ಟದ ಹೆಂಗಸಿಗೆ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ಶ್ವಾಸಕೋಶದ ದೀರ್ಘ ಕಾಯಿಲೆ, ಹೇಗೆ ಬಂತು ಅಂತ ನೆಂಟರು ಕೇಳುತ್ತಿದ್ದರು. ಒಲೆ ಹೊಗೆಯಿಂದಲೂ ಬರುತ್ತೆ. ನಮ್ಮ ಹಳ್ಳಿಗಳ ಎಷ್ಟೋ ಹೆಂಗಸರಿಗೆ ಹಾಗೇ ಬಂದಿದೆ. ಚಳಿಗಾಲ ಬಂತು ಅಂದರೆ ಅವರಿಗೆ ಕೆಮ್ಮು, ಕಫ, ರಾತ್ರಿ ಎದ್ದು ಕೂರುವುದು ಇದ್ದದ್ದೇ. ಅವತ್ತು ಮಾತ್ರ ಬೇರೆ ಥರ ಇತ್ತು. ಮಂಚದ ಅಂಚಿಗೆ ಎರಡೂ ಕೈ ಊರಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. "ನೀರು" ಅನ್ನುತ್ತಿದ್ದರು, ನಿಲ್ಲಿಸುತ್ತಿದ್ದರು, ಎರಡು ಉಸಿರು ಎಳೆದು "ಬೇಡ" ಅನ್ನುತ್ತಿದ್ದರು. ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿರಲಿಲ್ಲ.

ಆ ವರ್ಷ ಬೆಂಗಳೂರಿನಲ್ಲಿ ಆಕ್ಸಿಮೀಟರ್ ಇಲ್ಲದ ಮನೆ ಕಡಿಮೆ. ನಮ್ಮಲ್ಲೂ ಒಂದಿತ್ತು, ಬೆರಳಿಗೆ ಹಾಕಿದರೆ 84 ತೋರಿಸಿತು. ಆಂಬುಲೆನ್ಸ್ ಬೇಗನೇ ಬಂತು. ಆಕ್ಸಿಜನ್ ಮಾಸ್ಕ್ ಹಾಕಿದರು. ಸ್ವಲ್ಪ ಹೊತ್ತಿಗೆ ಬೆರಳಿನ ಸಂಖ್ಯೆ 97ಕ್ಕೆ ಏರಿತು. ಹನುಮಂತನಗರ ದಾಟುವಷ್ಟರಲ್ಲಿ ಏದುಸಿರು ಕಡಿಮೆಯಾಗಿ, ಕತ್ತು ಒಂದು ಕಡೆ ವಾಲಿ, ದೊಡ್ಡಮ್ಮನಿಗೆ ಜೊಂಪು ಹತ್ತಿತು. ಪಾಪ, ಎರಡು ರಾತ್ರಿಯಿಂದ ನಿದ್ದೆ ಇಲ್ಲ, ಮಲಗಲಿ ಅಂದುಕೊಂಡೆ. ಫೋನಿನ ಗಡಿಯಾರ ನೋಡಿಕೊಂಡು ಎಣಿಸಿದೆ. 14. ಬರೆದೆ.

ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಬಂದವರೇ ಮಾನಿಟರ್ ನೋಡಲಿಲ್ಲ. ಮಂಚದ ಕಾಲ ಕಡೆ ನಿಂತು ದೊಡ್ಡಮ್ಮನ ಎದೆಯನ್ನೇ ಒಂದಷ್ಟು ಹೊತ್ತು ನೋಡಿದರು. ಆಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಭುಜ ಹಿಡಿದು ಜೋರಾಗಿ ಅಲುಗಾಡಿಸಿ "ಅಜ್ಜಿ, ಕಣ್ಣು ಬಿಡಿ, ಅಜ್ಜಿ" ಅಂದರು. ದೊಡ್ಡಮ್ಮ ಕಣ್ಣು ಬಿಡಲಿಲ್ಲ. ನಾನು ಪುಸ್ತಕ ತೋರಿಸಿ "ಮೊದಲು 36 ಇತ್ತು ಡಾಕ್ಟ್ರೇ, ಈಗ 14" ಅಂದೆ. ಅವರು ನನ್ನ ಕಡೆ ತಿರುಗಿ, ಬೈಯದೆ, ಮೆಲ್ಲಗೆ ಹೇಳಿದರು: "ಸುಸ್ತಾಗಿ ಹೋಗಿದ್ದಾರೆ ಮೇಡಂ, ಅದಕ್ಕೇ ಕಮ್ಮಿ ಆಗಿರೋದು. ಒಳಗೆ ಗಾಳಿ ಆಡ್ತಾನೇ ಇಲ್ಲ."

ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 35ರಿಂದ 45 ಇರಬೇಕು, ದೊಡ್ಡಮ್ಮನದು 91 ಇತ್ತು. ನಾನು ನಿದ್ದೆ ಅಂದುಕೊಂಡಿದ್ದು ನಿದ್ದೆಯೇ ಆಗಿರಲಿಲ್ಲ. ಹೊರಗೆ ಹೋಗಬೇಕಾದ ಗಾಳಿ ಒಳಗೇ ಉಳಿದು ಮಿದುಳನ್ನು ಮಂಕು ಮಾಡಿತ್ತು. ಬೈಪ್ಯಾಪ್ ಮಾಸ್ಕ್ ಬಿಗಿದರು. ಅದು ಪ್ರತಿ ಉಸಿರಿಗೂ ಒತ್ತಡ ಕೊಟ್ಟು ಗಾಳಿಯನ್ನು ಒಳಕ್ಕೆ ತಳ್ಳುತ್ತೆ. ಬೆಳಗಿನ ಜಾವ ಐದರ ಹೊತ್ತಿಗೆ ಕಣ್ಣು ಬಿಟ್ಟರು. ಮಾಸ್ಕ್ ಸ್ವಲ್ಪ ಸರಿಸಿದಾಗ ಮೊದಲು ಕೇಳಿದ ಮಾತು, "ಮೋಟರ್ ಆಫ್ ಮಾಡಿದ್ಯೇನೇ?"

ಎಂಟು ದಿನಕ್ಕೆ ಮನೆಗೆ ಬಂದರು. ಆಮೇಲೆ ಒಂದೂವರೆ ವರ್ಷ ನಮ್ಮ ಜೊತೆ ಇದ್ದರು.

ಬಿಳಿ ಹಲಗೆಯ ಮೇಲೆ ಮೂರು ಸಾಲು

ತರಬೇತಿ ಕೊಟ್ಟವರು ಬಹಳ ವರ್ಷ ಆಂಬುಲೆನ್ಸಿನಲ್ಲಿ ಕೆಲಸ ಮಾಡಿದ್ದ ಒಬ್ಬ ಸರ್. ಮೊದಲ ದಿನ ಬೆಳಗ್ಗೆ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿ ಒಬ್ಬರ ಉಸಿರು ಇನ್ನೊಬ್ಬರು ಎಣಿಸಬೇಕು ಅಂದರು. ಎಣಿಸುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಎಲ್ಲರ ಉಸಿರೂ ಬದಲಾಯಿತು. ಕೆಲವರು ಬಿಗಿ ಹಿಡಿದರು, ಕೆಲವರು ದೊಡ್ಡದಾಗಿ ಎಳೆದರು. ಆಗ ಒಂದು ಉಪಾಯ ಹೇಳಿಕೊಟ್ಟರು. ನಾಡಿ ನೋಡುವ ಹಾಗೆ ಮಣಿಕಟ್ಟು ಹಿಡಿದುಕೊಳ್ಳಿ, ಅದೇ ಕೈಯನ್ನು ಅವರ ಎದೆಯ ಮೇಲೋ ಹೊಟ್ಟೆಯ ಮೇಲೋ ಇಡಿ, ನಾಡಿ ಎಣಿಸುತ್ತಿದ್ದೀನಿ ಅಂತ ಅವರು ಅಂದುಕೊಳ್ಳಲಿ, ನೀವು ಸುಮ್ನೆ ಉಸಿರು ಎಣಿಸಿ. ಉಸಿರು ಒಂದೇ ಸಮ ಇದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ಏರುಪೇರಿದ್ದರೆ ಪೂರ್ತಿ ಒಂದು ನಿಮಿಷ ಕಾಯಬೇಕು.

ಇಷ್ಟು ಹೇಳಿ, ಹಲಗೆಯ ಹತ್ತಿರ ಹೋಗಿ, "ಈಗ ನೀವು ಎಣಿಸಿದ್ದು ಅರ್ಧ ಲೆಕ್ಕ" ಅಂದರು. ಒಂದು ಸಲ ಒಳಗೆ ಹೋಗಿ ಬರುವ ಗಾಳಿಗೆ ಟೈಡಲ್ ವಾಲ್ಯೂಮ್ ಅಂತಾರೆ. ಆರಾಮಾಗಿ ಕೂತಿರುವ ದೊಡ್ಡವರಲ್ಲಿ ಅದು ಸುಮಾರು 500 ಮಿಲಿಲೀಟರ್, ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ಅದನ್ನು ನಿಮಿಷದ ಉಸಿರಿನಿಂದ ಗುಣಿಸಿದರೆ ಮಿನಿಟ್ ವೆಂಟಿಲೇಷನ್. 500 ಗುಣಿಸು 12, ಆರು ಲೀಟರ್. ಇಲ್ಲಿಯವರೆಗೆ ಎಲ್ಲರೂ ತಲೆ ಆಡಿಸಿದೆವು.

ಅದರ ಕೆಳಗೆ ಇನ್ನೊಂದು ಸಾಲು ಬರೆದರು. 200 ಗುಣಿಸು 30. ಇದೂ ಆರು ಲೀಟರ್. "ಇಬ್ಬರು ಪೇಷಂಟು, ಇಬ್ಬರಿಗೂ ಆರು ಲೀಟರ್. ಯಾರನ್ನ ಮೊದಲು ಗಾಡಿಗೆ ಹತ್ತಿಸ್ತೀರಿ?" ಅಂತ ಕೇಳಿದರು. ಎರಡನೆಯವರನ್ನು ಅಂತ ಯಾರೋ ಅಂದರು. ಯಾಕೆ ಅಂತ ಮಾತ್ರ ಯಾರಿಗೂ ಹೇಳಲು ಬರಲಿಲ್ಲ.

ಒಳಗೆ ಎಳೆದ ಗಾಳಿ ಎಲ್ಲವೂ ಕೆಲಸಕ್ಕೆ ಬರುವುದಿಲ್ಲ. ಮೂಗು, ಗಂಟಲು, ಶ್ವಾಸನಾಳ, ಅದರ ಕವಲುಗಳು, ಇವೆಲ್ಲ ಬರೀ ದಾರಿ. ದಾರಿಯಲ್ಲಿ ನಿಂತ ಗಾಳಿ ರಕ್ತಕ್ಕೆ ಏನನ್ನೂ ಕೊಡುವುದಿಲ್ಲ, ರಕ್ತದಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಆ ಜಾಗಕ್ಕೆ ಡೆಡ್ ಸ್ಪೇಸ್ ಅಂತ ಹೆಸರು, ದೊಡ್ಡವರಲ್ಲಿ ಸುಮಾರು 150 ಮಿಲಿಲೀಟರ್. ಪ್ರತಿ ಉಸಿರಿನಿಂದಲೂ ಅದನ್ನು ಕಳೆಯಬೇಕು. ಒಂದೇ ಸಲ ಕಳೆದರೆ ಸಾಲದು, ಎಷ್ಟು ಉಸಿರೋ ಅಷ್ಟು ಸಲ ಕಳೆಯಬೇಕು. ಮೊದಲನೆಯವರಿಗೆ 350 ಗುಣಿಸು 12, ಅಂದರೆ 4.2 ಲೀಟರ್. ಎರಡನೆಯವರಿಗೆ 50 ಗುಣಿಸು 30, ಬರೀ 1.5 ಲೀಟರ್. ಮೇಲಿನ ಸಾಲಿನಲ್ಲಿ ಇಬ್ಬರದೂ ಒಂದೇ ಆರು ಲೀಟರ್ ಇತ್ತು, ಕೆಳಗಿನ ಸಾಲಿನಲ್ಲಿ ಒಬ್ಬರು ಮುಳುಗುತ್ತಿದ್ದಾರೆ. ಮೂರನೇ ಸಾಲು ಬರೆದರು. 100 ಗುಣಿಸು 60. ಇದೂ ಆರು ಲೀಟರೇ. ಕಳೆಯಲು ಹೋದರೆ ಹಲಗೆಯ ಲೆಕ್ಕದಲ್ಲಿ ಏನೂ ಉಳಿಯುವುದಿಲ್ಲ.

ಹಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾನು 36ನ್ನು ನೆನೆಸಿಕೊಳ್ಳುತ್ತಿದ್ದೆ. ಅವತ್ತು ಪಕ್ಕದ ಮನೆ ಅಂಕಲ್ ಬಾಗಿಲಲ್ಲಿ ನಿಂತು "ಉಸಿರಾಡ್ತಾ ಇದ್ದಾರಲ್ಲಮ್ಮ, ಜೋರಾಗೇ ಆಡ್ತಾ ಇದ್ದಾರೆ, ಗಾಬರಿ ಬೇಡ" ಅಂದಿದ್ದರು. ಒಳ್ಳೇ ಮನಸ್ಸಿನಿಂದ ಹೇಳಿದ ಮಾತು. ನನಗೂ ಹಾಗೇ ಅನ್ನಿಸಿತ್ತು.

ಸಂಪು, ಪೈಪು, ಮೋಟರ್

ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಆಗ ದೊಡ್ಡಮ್ಮ ಕೇಳಿದ ಆ ಮಾತೇ ದಾರಿ ತೋರಿಸಿತು. ನಮ್ಮ ಮನೆಯ ಸಂಪು ಕೆಳಗಿದೆ, ಟ್ಯಾಂಕು ಮೂರನೇ ಮಹಡಿಯ ಮೇಲಿದೆ, ನಡುವೆ ಉದ್ದ ಪೈಪು. ಫುಟ್ ವಾಲ್ವ್ ಕೆಟ್ಟರೆ ಏನಾಗುತ್ತೆ ಅಂತ ಬೆಂಗಳೂರಿನ ಸ್ವಂತ ಮನೆಯವರಿಗೆ ಹೇಳಬೇಕಿಲ್ಲ. ಮೋಟರ್ ನಿಂತ ಕೂಡಲೇ ಪೈಪಿನ ನೀರೆಲ್ಲ ಸಂಪಿಗೆ ಜಾರುತ್ತೆ. ಈಗ ಹೀಗೆ ಊಹಿಸಿಕೊಳ್ಳಿ: ಮೋಟರ್ ಹಾಕುತ್ತೀರಿ, ಪೈಪು ತುಂಬುವಷ್ಟರಲ್ಲಿ ಆರಿಸುತ್ತೀರಿ, ನೀರು ಕೆಳಗೆ ಜಾರುತ್ತೆ, ಮತ್ತೆ ಹಾಕುತ್ತೀರಿ, ಮತ್ತೆ ಆರಿಸುತ್ತೀರಿ. ಮೋಟರ್ ಸದ್ದು ಇಡೀ ದಿನ ಕೇಳುತ್ತೆ. ಕರೆಂಟು ಖರ್ಚಾಗುತ್ತೆ. ಕಾಯಿಲ್ ಬಿಸಿಯಾಗುತ್ತೆ. ಟ್ಯಾಂಕಿಗೆ ಮಾತ್ರ ನೀರು ಏರುವುದೇ ಇಲ್ಲ. ಅದೇ ಮೋಟರನ್ನು ಒಂದು ಸಲ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಪೈಪು ತುಂಬಿ, ಆಮೇಲೆ ಬರುವುದೆಲ್ಲ ಟ್ಯಾಂಕಿಗೇ.

ಚಿಕ್ಕ ಚಿಕ್ಕ ಉಸಿರು ಅಂದರೆ ಪೈಪನ್ನೇ ಮತ್ತೆ ಮತ್ತೆ ತುಂಬಿಸಿದ ಹಾಗೆ. ದೊಡ್ಡಮ್ಮನ ಪಕ್ಕೆಲುಬುಗಳ ನಡುವಿನ ಸ್ನಾಯು, ಕತ್ತಿನ ಸ್ನಾಯು, ಎದೆ ಹೊಟ್ಟೆಗಳ ನಡುವಿನ ವಪೆ ಅನ್ನುವ ಸ್ನಾಯು, ಎಲ್ಲವೂ ಎರಡು ದಿನದಿಂದ ಆ ಮೋಟರಿನ ಹಾಗೆ ದುಡಿದಿದ್ದವು. ಸಿಒಪಿಡಿ ಇರುವವರಿಗೆ ಇನ್ನೊಂದು ಕಷ್ಟ. ಹಾಳಾದ ಗಾಳಿ ಚೀಲಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ, ಹಾಗಾಗಿ ಅವೂ ಬರೀ ದಾರಿಯ ಲೆಕ್ಕಕ್ಕೆ ಸೇರುತ್ತವೆ. ಪೈಪು ಇನ್ನೂ ಉದ್ದವಾದ ಹಾಗೆ. ಕೊನೆಗೆ ಮೋಟರ್ ಸೋತು ನಿಧಾನವಾಯಿತು. ಆ ನಿಧಾನವನ್ನೇ ನಾನು 14 ಅಂತ ಬರೆದುಕೊಂಡಿದ್ದು.

ಮತ್ತೆ ಆ 97? ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಮಾತ್ರ. ಮಾಸ್ಕಿನಿಂದ ಬರುವ ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿ ಇದ್ದರೆ ಒಳಗೆ ಹೋದ ಸ್ವಲ್ಪ ಗಾಳಿಯೇ ಸಂಖ್ಯೆಯನ್ನು ಏರಿಸಿಬಿಡುತ್ತೆ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಬೇಕಾದರೆ ಗಾಳಿ ನಿಜವಾಗಿ ಓಡಾಡಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆಕ್ಸಿಜನ್ ಕೊಟ್ಟಿದ್ದು ತಪ್ಪಲ್ಲ, 84ರಲ್ಲಿ ಕೊಡಲೇಬೇಕು. ಆದರೆ ಸಿಒಪಿಡಿ ಇರುವವರಿಗೆ ಸಾಮಾನ್ಯವಾಗಿ 88ರಿಂದ 92ರ ನಡುವೆ ಇಟ್ಟುಕೊಂಡು ಹೋಗುತ್ತಾರೆ, ಮಂಪರು ಬರುತ್ತಿದೆಯಾ ಅಂತ ನೋಡುತ್ತಲೇ ಇರುತ್ತಾರೆ. 97 ನೋಡಿ ನಾನು ಖುಷಿಪಟ್ಟೆನಲ್ಲ, ಆ ಖುಷಿ ಈಗ ನೆನೆಸಿಕೊಂಡರೂ ಸಂಕಟವಾಗುತ್ತೆ.

ಇದೇ ಗೊಂದಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೂ ಸಿಕ್ಕಿದ್ದಾರೆ ಅಂತ ಆಮೇಲೆ ಓದಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತ್ತು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಸಾಲು ಸಾಲಾಗಿ ಬರುತ್ತಿದ್ದರು, ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ರಕ್ತದಲ್ಲಿ ಏನೋ ಬದಲಾಗಿದೆ ಅಂತ ಅಲ್ಲಿನ ಡಾಕ್ಟರುಗಳಿಗೆ ಕಾಣುತ್ತಿತ್ತು, ಆದರೆ ಅದು ಬೇರೆ ಯಾವುದೋ ತೊಂದರೆ ಅಂದುಕೊಂಡಿದ್ದರು. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ತಜ್ಞರು ಬಂದು, ಇದು ಹೊರಗೆ ಹೋಗದೆ ಉಳಿದ ಕಾರ್ಬನ್ ಡೈಆಕ್ಸೈಡ್, ಮಕ್ಕಳಿಗೆ ಬೇಕಾಗಿರುವುದು ಗಾಳಿಯ ಓಡಾಟ ಅಂದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿನಲ್ಲಿ ಕೊಳವೆ ಇಟ್ಟು ಕೈಯಿಂದ ಚೀಲ ಒತ್ತಿ ತೋರಿಸಿದರು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲೂ ರಾತ್ರಿ, ಮಕ್ಕಳ ಪಕ್ಕ ಕೂತು ಚೀಲ ಒತ್ತಿದರು. ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಎದುರಿಗಿರುವ ಮಗುವಿನ ಎದೆಯನ್ನೇ ನೋಡಿಕೊಂಡು ಗಂಟೆಗಟ್ಟಲೆ ಒತ್ತುತ್ತಾ ಕೂತಿದ್ದನ್ನು ನೆನೆಸಿಕೊಂಡರೆ ನನಗೆ ಮಾತು ಹೊರಡುವುದಿಲ್ಲ.

ಕೈಯ ಆತುರ

ತರಬೇತಿಯಲ್ಲಿ ಮಧ್ಯಾಹ್ನ ಅಂಬು ಬ್ಯಾಗ್, ಅಂದರೆ ಮಾಸ್ಕಿನ ಮೂಲಕ ಕೈಯಿಂದ ಒತ್ತಿ ಗಾಳಿ ಕೊಡುವ ಚೀಲ, ಕೈಗೆ ಕೊಟ್ಟರು. ಅದೂ ಅದೇ ಡೆನ್ಮಾರ್ಕಿನಿಂದ, 1950ರ ದಶಕದಲ್ಲಿ ಬಂದದ್ದು. ದೊಡ್ಡವರ ಬ್ಯಾಗಿನಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಇರುತ್ತೆ. ಕೊಡಬೇಕಾದ್ದು 500ರಿಂದ 600 ಮಿಲಿಲೀಟರ್, ಅಂದರೆ ಬ್ಯಾಗಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಒಂದು ಸೆಕೆಂಡಿನಲ್ಲಿ ಮೆಲ್ಲಗೆ ಒತ್ತಬೇಕು, ಎದೆ ಏರುವುದು ಕಂಡ ಕೂಡಲೇ ಬಿಡಬೇಕು. ನಾಡಿ ಇದ್ದು ಉಸಿರಿಲ್ಲದವರಿಗೆ ಆರು ಸೆಕೆಂಡಿಗೆ ಒಂದು, ನಿಮಿಷಕ್ಕೆ ಹತ್ತು.

ಕೇಳಿದಾಗ ಇದರಲ್ಲೇನಿದೆ ಅನ್ನಿಸಿತು. ಗೊಂಬೆಗೆ ಒಂದು ಟ್ಯಾಬ್ಲೆಟ್ ಜೋಡಿಸಿದ್ದರು, ಪ್ರತಿ ಒತ್ತಿಗೂ ಎಷ್ಟು ಗಾಳಿ ಹೋಯಿತು ಅಂತ ಪರದೆಯ ಮೇಲೆ ಗೆರೆ ಮೂಡುತ್ತಿತ್ತು. ನಾನು ಸಾವಧಾನವಾಗಿಯೇ ಒತ್ತುತ್ತಿದ್ದೀನಿ ಅಂದುಕೊಂಡಿದ್ದೆ. ಒಂದು ನಿಮಿಷ ಮುಗಿದಾಗ ಪರದೆ 26 ತೋರಿಸಿತು. ಅದರಲ್ಲಿ ಮೊದಲ ಏಳು ಒತ್ತಿಗೆ ಗೊಂಬೆಯ ಎದೆ ಅಲುಗಾಡಿಯೇ ಇರಲಿಲ್ಲ. ಮಾಸ್ಕಿನ ಪಕ್ಕದಿಂದ ಗಾಳಿಯೆಲ್ಲ ಸೋರಿತ್ತು. ಹಿಂಡಿದ್ದು ಬೇರೆ, ಒಳಗೆ ಹೋಗಿದ್ದು ಬೇರೆ. ಅದಕ್ಕೇ ವೆಂಟಿಲೇಟರ್‌ನಲ್ಲೂ ಒಳಗೆ ಕಳಿಸಿದ ಗಾಳಿಯ ಜೊತೆಗೆ ವಾಪಸ್ಸು ಬಂದ ಗಾಳಿಯನ್ನೂ ಅಳೆಯುತ್ತಾರಂತೆ. ಎರಡಕ್ಕೂ ತುಂಬಾ ವ್ಯತ್ಯಾಸ ಬಂದರೆ ನಡುವೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸರ್ ಬಂದು ನನ್ನ ಬೆರಳುಗಳನ್ನು ಸರಿ ಮಾಡಿದರು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ದವಡೆಯ ಎಲುಬಿನ ಕೆಳಗೆ. "ಮಾಸ್ಕನ್ನ ಮುಖಕ್ಕೆ ಒತ್ತಬೇಡಿ ಮೇಡಂ, ಮುಖಾನ ಮಾಸ್ಕಿಗೆ ಎತ್ತಿ."

ಜಾಸ್ತಿ ಕೊಟ್ಟರೆ ಒಳ್ಳೇದೇ ಅಲ್ವಾ ಸರ್ ಅಂತ ನಮ್ಮಲ್ಲಿ ಒಬ್ಬರು ಕೇಳಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಜೋರಾಗಿ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗುತ್ತೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತೆ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬೇಗ ಬೇಗ ಒತ್ತಿದರೆ ಇನ್ನೂ ಕೆಟ್ಟದ್ದು. ಎದೆಯೊಳಗಿನ ಒತ್ತಡ ಇಳಿಯಲು ಹೊತ್ತೇ ಸಿಗುವುದಿಲ್ಲ, ಹಾಗಾಗಿ ಹೃದಯಕ್ಕೆ ವಾಪಸ್ಸು ಬರಬೇಕಾದ ರಕ್ತ ಬರುವುದಿಲ್ಲ. ಹೃದಯ ನಿಂತು, ಎದೆ ಒತ್ತಿ ರಕ್ತ ಓಡಿಸುತ್ತಿರುವ ಹೊತ್ತಿನಲ್ಲಿ ಇದು ಪ್ರಾಣವನ್ನೇ ತೆಗೆಯಬಹುದು. 2004ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಇದನ್ನು ಅಳೆದು ನೋಡಿದ ಅಧ್ಯಯನ ಪ್ರಕಟವಾಯಿತು. ಪಳಗಿದ ಆಂಬುಲೆನ್ಸ್ ಸಿಬ್ಬಂದಿ ಹೃದಯ ನಿಂತವರಿಗೆ ಒಟ್ಟಾರೆ ಸರಾಸರಿ ನಿಮಿಷಕ್ಕೆ 30 ಸಲ ಗಾಳಿ ಕೊಡುತ್ತಿದ್ದರು. ಮತ್ತೆ ಕಲಿಸಿದ ಮೇಲೂ 22ರ ಹತ್ತಿರವೇ ಇತ್ತು. ಅದೇ ಅಧ್ಯಯನದಲ್ಲಿ ಹಂದಿಗಳ ಮೇಲೆ ಪರೀಕ್ಷೆ ಮಾಡಿದಾಗ, ನಿಮಿಷಕ್ಕೆ 12 ಉಸಿರು ಕೊಟ್ಟ ಏಳರಲ್ಲಿ ಆರು ಬದುಕಿದವು. 30 ಕೊಟ್ಟ ಏಳರಲ್ಲಿ ಒಂದೇ ಒಂದು.

ಆ ಸಿಬ್ಬಂದಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಬ್ಬರ ಪ್ರಾಣ ಕೈಯಲ್ಲಿರುವಾಗ ಕೈ ಸುಮ್ಮನೆ ಇರುವುದಿಲ್ಲ. ನನ್ನ ಎದುರಿಗಿದ್ದದ್ದು ರಬ್ಬರ್ ಗೊಂಬೆ, ಆದರೂ ನಡುವಿನ ಆ ಐದು ಸೆಕೆಂಡ್ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಸರ್ ಪಕ್ಕದಲ್ಲಿ ಕೂತು ಮೆಲ್ಲಗೆ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು, ಒತ್ತಿ. ನಾಲ್ಕನೇ ಸುತ್ತಿಗೆ ನಿಮಿಷಕ್ಕೆ 11 ಬಂತು. ಆಮೇಲೆ ಟ್ಯಾಬ್ಲೆಟ್ ಅನ್ನು ಮಗುಚಿ ಇಟ್ಟರು. "ರೋಡಲ್ಲಿ ಇದು ಇರಲ್ಲ. ಎದೆ ನೋಡ್ಕೊಂಡು ಒತ್ತಿ" ಅಂದರು.

ಒಂದು ವಿಷಯ ನಡುವೆ ಹೇಳಿಬಿಡುತ್ತೀನಿ. ಶ್ವಾಸಕೋಶದ ಗಾತ್ರ ನಿಲ್ಲುವುದು ಎತ್ತರದ ಮೇಲೆ. ಮೈ ತುಂಬಿಕೊಂಡವರಿಗೆ ದೊಡ್ಡ ಉಸಿರು ಬೇಕು ಅಂತಿಲ್ಲ. ಜಾನ್ ಹಚಿನ್ಸನ್ ಅನ್ನುವ ಇಂಗ್ಲೆಂಡಿನ ಡಾಕ್ಟರ್ ನೀರಿನಲ್ಲಿ ಬೋರಲು ಹಾಕಿದ ಡಬ್ಬಿಯಂಥ, ಊದಿದ ಗಾಳಿಯನ್ನು ಅಳೆಯುವ ಸ್ಪೈರೋಮೀಟರ್ ಮಾಡಿ, ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ, 1846ರಲ್ಲೇ ಇದನ್ನು ತೋರಿಸಿದ್ದರು. ದೊಡ್ಡಮ್ಮ ಐದಡಿಯೂ ಇರಲಿಲ್ಲ. ಅವರಿಗೆ ಬೇಕಾಗಿದ್ದ ಉಸಿರು ಅರ್ಧ ಲೀಟರಿಗಿಂತ ಕಡಿಮೆಯೇ ಇತ್ತೇನೋ. ಅಷ್ಟೂ ಸಿಗದೆ ಹೋಯಿತಲ್ಲ ಅನ್ನಿಸುತ್ತೆ.

ಗೇಟಿನ ಹತ್ತಿರದ ಹಾಳೆ

ತರಬೇತಿ ಆದಮೇಲೆ ಆಫೀಸಿನ ಫಸ್ಟ್ ಏಡ್ ಪೆಟ್ಟಿಗೆಗೆ ಕನ್ನಡದಲ್ಲಿ ಒಂದು ಹಾಳೆ ಬರೆದು ಅಂಟಿಸಿದೆ. ನಮ್ಮಲ್ಲಿ ಏನಾದರೂ ಆದರೆ ಮೊದಲು ಓಡಿ ಬರುವವರು ಸೆಕ್ಯೂರಿಟಿಯವರು, ಅವರಿಗೆ ಅಂತ. ಉಸಿರು ನಿಮಿಷಕ್ಕೆ ಎಷ್ಟು ಅಂತ ಒಂದು ಸಾಲು. ಎದೆ ಏರುತ್ತಿದೆಯಾ ಅಂತ ಒಂದು ಸಾಲು. ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಹೇಳುತ್ತಾರಾ, ಇಲ್ಲ ಒಂದೊಂದೇ ಪದವಾ ಅಂತ ಇನ್ನೊಂದು. ಮಂಪರು ಇದೆಯಾ, ಮಾತಾಡಿಸಿದರೆ ಕಣ್ಣು ಬಿಡುತ್ತಾರಾ ಅಂತ ಕೊನೇದು. ಕೊನೇ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ. ಆಂಬುಲೆನ್ಸಿನವರು ಬಂದಾಗ ಈ ನಾಲ್ಕನ್ನೂ ಹೇಳಿ ಅಂತ ಕೆಳಗೆ ಸೇರಿಸಿದೆ.

ಮಾರನೇ ದಿನ ಗೇಟಿನಲ್ಲಿದ್ದ ಹುಡುಗ, ರಾಯಚೂರು ಕಡೆಯವನು, ಹಾಳೆ ಓದಿ ಬಂದು ಕೇಳಿದ. "ಮೇಡಂ, ಎದೆ ಎಷ್ಟು ಏರಿದ್ರ ಸರಿ ಅಂತ ಹೆಂಗ ತಿಳೀತದರೀ?" ಒಳ್ಳೇ ಪ್ರಶ್ನೆ. ಹಾಳೆಯಲ್ಲಿ ನಾನು ಅದನ್ನು ಬರೆದೇ ಇರಲಿಲ್ಲ. ಊಟದ ಕೋಣೆಯ ಬೆಂಚಿನ ಮೇಲೆ ಮಲಗು ಅಂದೆ. ಮಲಗಿದ. ಮೊದಲು ನಾಲ್ಕೈದು ಉಸಿರು ದೊಡ್ಡದಾಗಿ ಎಳೆದ, ಎಲ್ಲರೂ ಹಾಗೇ ಮಾಡುವುದು. ಊರಿನ ಬಗ್ಗೆ, ಅವರಮ್ಮನ ಬಗ್ಗೆ ಕೇಳುತ್ತಾ ಕೂತೆ. ಮಾತು ನಿಂತ ಮೇಲೆ ಉಸಿರು ತನ್ನಷ್ಟಕ್ಕೆ ತಾನು ಸಮವಾಯಿತು. ಆಗ ಅವನದೇ ಕೈಯನ್ನು ಅವನ ಎದೆಯ ಮೇಲೆ ಇಟ್ಟುಕೊಳ್ಳಲು ಹೇಳಿದೆ. ಕೈ ಒಂದು ಚೂರು ಏರಿತು, ಇಳಿಯಿತು. ಅಂಗಿಯ ಗುಂಡಿ ಅಲುಗಾಡಿದಷ್ಟು.

"ಇಷ್ಟಽ ಏನ್ರೀ?" ಅಂದ.

"ಹೂಂ, ಇಷ್ಟೇ" ಅಂದೆ. ಅವನು ಕೈ ತೆಗೆಯದೆ ಇನ್ನೂ ಒಂದಷ್ಟು ಹೊತ್ತು ಹಾಗೇ ಮಲಗಿದ್ದ.